ಕೆರೆಯ ಆರು ದೋಷಗಳು: ಪೋರುಮಾಮಿಳ್ಳ ಶಾಸನವೂ ನಮ್ಮ ಗಡಿನಾಡಿನ ಏರಿಗಳೂ

ಹೊಳೆಯನ್ನು ನಂಬಿ ಬಾಳುವ ಸೀಮೆ ಬೇರೆ, ಕೆರೆಯನ್ನು ನಂಬಿ ಬಾಳುವ ಸೀಮೆ ಬೇರೆ. ಮಡಕಶಿರ, ಹಿಂದೂಪುರ, ರಾಯದುರ್ಗ, ಪಾವಗಡಗಳ ಈ ಒಣಭೂಮಿ ಎರಡನೆಯ ವರ್ಗಕ್ಕೆ ಸೇರಿದ್ದು. ಅನಂತಪುರ ಸೀಮೆಯ ವಾರ್ಷಿಕ ಮಳೆ ಸರಾಸರಿ 55 ಸೆಂಟಿಮೀಟರಿನಷ್ಟು. ಅದೂ ಬಹುಪಾಲು ಕೆಲವೇ ದಿನಗಳಲ್ಲಿ ಸುರಿದು, ಹಳ್ಳಗಳಲ್ಲಿ ಹರಿದು ಹೋಗುವಂಥದು. ಹಾಗೆ ಓಡುವ ನೀರನ್ನು ಅಡ್ಡಗಟ್ಟಿ ನಿಲ್ಲಿಸಿಕೊಂಡ ಊರು ಉಳಿಯಿತು; ನಿಲ್ಲಿಸಿಕೊಳ್ಳದ ಊರು ಬೇಚಿರಾಕು ಆಯಿತು. ಆದ್ದರಿಂದ ಈ ನಾಡಿನ ಚರಿತ್ರೆಯನ್ನು ಬರೆಯಹೊರಟವರು ಅರಸರ ವಂಶಾವಳಿಯೊಡನೆ ಮಣ್ಣಿನ ಏರಿಗಳ ವಂಶಾವಳಿಯನ್ನೂ ಬರೆಯಬೇಕಾಗುತ್ತದೆ.

ನೀರಿನ ಶಬ್ದಗಳಲ್ಲಿಯೇ ನಮ್ಮ ನೆರೆಹೊರೆಯ ಸಂಬಂಧ ಅಡಗಿದೆ. ಕನ್ನಡಿಗರು ಕೆರೆಯ ಕಟ್ಟೆಯನ್ನು ಏರಿ ಎನ್ನುತ್ತಾರೆ. ತಮಿಳರಿಗೆ ಏರಿ ಎಂದರೆ ಕೆರೆಯೇ ಆಯಿತು. ನಮ್ಮ ತೂಬು ತೆಲುಗರಲ್ಲಿ ತೂಮು, ತಮಿಳರಲ್ಲಿ ತೂಂಬು. ನಾವು ಕೋಡಿ ಎನ್ನುವುದನ್ನು ತೆಲುಗರು ಅಲುಗು ಎನ್ನುತ್ತಾರೆ, ತಮಿಳರು ಕಲಿಂಗು ಎನ್ನುತ್ತಾರೆ. ಮಾತು ಮೂರಾದರೂ ಕಸಬು ಒಂದೇ. ಏರಿ ನೀರನ್ನು ತಡೆಯುತ್ತದೆ, ತೂಬು ಬೇಕಾದ ನೀರನ್ನು ಬಿಡುತ್ತದೆ, ಕೋಡಿ ಬೇಡವಾದ ನೀರನ್ನು ಕಳೆಯುತ್ತದೆ. ಈ ಮೂರರಲ್ಲಿ ಒಂದು ಕೆಟ್ಟರೂ ಕೆರೆ ಕೆಟ್ಟಂತೆಯೇ.

ಇಂಥ ಮಣ್ಣಿನ ಏರಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಹಿಂದಿನವರು ಯೋಚಿಸಿ ಕಲ್ಲಿನಲ್ಲಿ ಕೆತ್ತಿಸಿ ಇಟ್ಟಿದ್ದಾರೆ. ಅದೇ ಕಡಪ ಸೀಮೆಯ ಪೋರುಮಾಮಿಳ್ಳದ ಶಾಸನ. ಅದರಲ್ಲಿ ಎಣಿಸಿರುವ ಆರು ದೋಷಗಳಲ್ಲಿ ಒಂದು ಗಡಿನಾಡಿನವರಾದ ನಮ್ಮನ್ನು ವಿಶೇಷವಾಗಿ ತಡೆದು ನಿಲ್ಲಿಸುತ್ತದೆ. ಆ ಒಂದು ದೋಷದ ಅರ್ಥವನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಶಾಸನ ಮತ್ತು ಅದರ ಕೆರೆ

ಪೋರುಮಾಮಿಳ್ಳದ ಭೈರವ ದೇವಾಲಯದ ಮುಂದೆ ನಿಲ್ಲಿಸಿದ ಎರಡು ಚಪ್ಪಡಿಗಳ ಮೇಲೆ ಈ ಶಾಸನವಿದೆ. ಕಾಲ ಶಾಲಿವಾಹನ ಶಕ 1291, ಸೌಮ್ಯ ಸಂವತ್ಸರದ ಕಾರ್ತಿಕ ಮಾಸ, ಎಂದರೆ ಕ್ರಿ. ಶ. 1369ರ ಅಕ್ಟೋಬರು. ಕೆರೆಯನ್ನು ಕಟ್ಟಿಸಿದವನು ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ. ಭವದೂರನೆಂಬುದು ಅವನ ಇನ್ನೊಂದು ಹೆಸರು. ಅವನು ಉದಯಗಿರಿಯಲ್ಲಿದ್ದು ಆ ಪ್ರಾಂತವನ್ನು ಆಳುತ್ತಿದ್ದನು. ಕೆರೆಗೆ ಅನಂತರಾಜಸಾಗರವೆಂದು ಹೆಸರಿಟ್ಟನು. ಹಂಪೆಯ ಅರಸುಮನೆಯ ಕುಡಿಯೊಂದು ತೆಲುಗು ನಾಡಿನಲ್ಲಿ ಕೆರೆ ಕಟ್ಟಿಸಿ, ಅದರ ಲಕ್ಷಣವನ್ನು ಸಂಸ್ಕೃತ ಶ್ಲೋಕಗಳಲ್ಲಿ ಬರೆಯಿಸಿತೆಂಬುದನ್ನು ನೆನೆದರೆ, ಅಂದು ಈ ಭಾಗದಲ್ಲಿ ಭಾಷೆಗಳ ನಡುವೆ ಗೋಡೆ ಇರಲಿಲ್ಲವೆಂಬುದು ಮನಸ್ಸಿಗೆ ಬರುತ್ತದೆ.

ಕೆಲಸದ ಪ್ರಮಾಣವನ್ನೂ ಶಾಸನ ಹೇಳುತ್ತದೆ. ಪ್ರತಿದಿನ ಒಂದು ಸಾವಿರ ಆಳುಗಳು ಏರಿಯ ಮೇಲೆ ದುಡಿದರು. ಕಲ್ಲುಕೆಲಸಕ್ಕಾಗಿ ನೂರು ಬಂಡಿಗಳು ಓಡಾಡಿದವು. ಎರಡು ವರ್ಷಗಳಲ್ಲಿ ಕೆಲಸ ಮುಗಿಯಿತು. ಏರಿಯ ಉದ್ದ 5000 ದಂಡ, ಅಗಲ 8 ದಂಡ, ಎತ್ತರ 7 ದಂಡ ಎಂದು ಲೆಕ್ಕ ಕೊಟ್ಟಿದೆ. ಇತ್ತೀಚಿನ ಕಾಲದ ಅಳತೆಯಲ್ಲಿ ಹೇಳುವುದಾದರೆ, ನಾಲ್ಕು ಗುಡ್ಡಗಳನ್ನು ಮೂರು ಮಣ್ಣಿನ ಏರಿಗಳಿಂದ ಜೋಡಿಸಿ ಈ ಕೆರೆಯನ್ನು ಮಾಡಿದೆ. ಗುಡ್ಡಗಳೂ ಸೇರಿ ಒಟ್ಟು ಉದ್ದ ಸುಮಾರು 14,000 ಅಡಿ. ಅದರಲ್ಲಿ ಮನುಷ್ಯರು ಕಟ್ಟಿದ್ದು ಸುಮಾರು 4,500 ಅಡಿ ಮಾತ್ರ. ಹೆಚ್ಚು ಆಳವಾದ ಕಡೆಯಲ್ಲಿ ಏರಿಯ ಎತ್ತರ ಸುಮಾರು 33 ಅಡಿ, ನೆತ್ತಿಯ ಅಗಲ 12 ಅಡಿ, ಬುಡದ ಅಗಲ 150 ಅಡಿ. ನೀರಿನ ಕಡೆಯ ಮೈಗೆ ಕಡಪದ ಕಲ್ಲನ್ನು ಹಾಸಿದೆ. ಪ್ರಕೃತಿ ಒದಗಿಸಿದುದನ್ನು ಮೊದಲು ಬಳಸಿಕೊಂಡು, ಉಳಿದ ಕಂಡಿಯನ್ನು ಮಾತ್ರ ಮಣ್ಣಿನಿಂದ ಮುಚ್ಚಿದ ಈ ಜಾಣ್ಮೆಯಿಂದಲೇ ಆರೂವರೆ ಶತಮಾನಗಳು ಕಳೆದರೂ ಕೆರೆ ನಿಂತಿದೆ.

ಕೆರೆ ಕಟ್ಟಲು ಬೇಕಾದ ಹನ್ನೆರಡು ಸಾಧನಗಳನ್ನು ಶಾಸನ ಕ್ರಮವಾಗಿ ಎಣಿಸುತ್ತದೆ. ಧರ್ಮಿಷ್ಠನೂ ಧನವಂತನೂ ಕೀರ್ತಿಯನ್ನು ಬಯಸುವವನೂ ಆದ ಅರಸು. ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ. ಗಟ್ಟಿಯಾದ ಜೇಡಿಯ ನೆಲ. ಮೂರು ಯೋಜನ ದೂರದಿಂದ ಹರಿದುಬರುವ ಸಿಹಿನೀರಿನ ಹೊಳೆ. ಅದನ್ನು ಮುಟ್ಟಿಕೊಂಡಿರುವ ಗುಡ್ಡ. ಆ ಗುಡ್ಡಗಳ ನಡುವೆ ಅತಿ ಉದ್ದವಲ್ಲದ, ಗಟ್ಟಿಕಲ್ಲಿನ, ಭದ್ರವಾದ ಕಟ್ಟೆ. ಫಲವತ್ತಾದ ಭೂಮಿಯನ್ನು ಬಿಟ್ಟು ನಿಂತ ಅದರ ಎರಡು ಕೊನೆಗಳು. ವಿಶಾಲವೂ ಆಳವೂ ಆದ ಅಂಗಳ. ನೀಳವಾದ ನೇರ ಕಲ್ಲುಗಳು ದೊರೆಯುವ ಗಣಿ. ಸಮತಟ್ಟಾದ ಫಲವತ್ತಾದ ಹೊಲಗಳು. ಬೆಟ್ಟದ ಎಡೆಯಿಂದ ರಭಸವಾಗಿ ಬರುವ ನೀರಿನ ದಾರಿ. ಕೊನೆಯದಾಗಿ, ಕಟ್ಟುವ ಕಲೆಯಲ್ಲಿ ನುರಿತ ಜನರ ತಂಡ. ಅರಸನಿಂದ ಮೊದಲಾದ ಪಟ್ಟಿ ಮಣ್ಣು ಹೊರುವ ಕುಶಲಿಗಳಲ್ಲಿ ಮುಗಿಯುವುದನ್ನು ಗಮನಿಸಬೇಕು. ಹನ್ನೆರಡನೆಯದು ಇಲ್ಲದಿದ್ದರೆ ಮೊದಲನೆಯದರಿಂದ ಏನೂ ಆಗದು.

ಅನಂತರ ಬರುವವು ಆರು ದೋಷಗಳು. ಒಂದು, ಏರಿಯಿಂದ ನೀರು ಜಿನುಗುವುದು. ಎರಡು, ಚೌಳು ನೆಲ. ಮೂರು, ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆ ಇರುವುದು. ನಾಲ್ಕು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಉಬ್ಬಿದ ನೆಲ. ಐದು, ನೀರು ಸ್ವಲ್ಪ, ಉಣಿಸಬೇಕಾದ ಭೂಮಿ ವಿಸ್ತಾರ. ಆರು, ನೆಲ ಸ್ವಲ್ಪ, ನೀರು ಅಧಿಕ.

ಈ ಆರರಲ್ಲಿ ಐದು ದೋಷಗಳು ಮಣ್ಣಿಗೆ, ನೀರಿಗೆ, ನೆಲದ ರೂಪಕ್ಕೆ ಸಂಬಂಧಪಟ್ಟವು. ಗುದ್ದಲಿಯಿಂದ ಪರೀಕ್ಷಿಸಿ, ಹಗ್ಗದಿಂದ ಅಳೆದು ತಿಳಿಯಬಹುದಾದವು. ಮೂರನೆಯದೊಂದೇ ನೆಲದಲ್ಲಿ ಕಾಣುವುದಿಲ್ಲ. ಅದು ಮನುಷ್ಯನು ಎಳೆದ ಗೆರೆ. ಆದರೂ ಶಾಸನಕಾರನು ಅದನ್ನು ಜಿನುಗು ಮತ್ತು ಚೌಳಿನ ಸಾಲಿನಲ್ಲಿಯೇ ಕೂರಿಸಿದ್ದಾನೆ. ಉದಯಗಿರಿ ಅಂದು ವಿಜಯನಗರದ ಪೂರ್ವದ ಅಂಚು; ಅದರಾಚೆ ಕೊಂಡವೀಡಿನ ರೆಡ್ಡಿಗಳ ರಾಜ್ಯ. ಗಡಿಯ ಪ್ರಾಂತವನ್ನು ಆಳುವವನ ಕೆರೆಯ ಶಾಸನದಲ್ಲಿ ಈ ಮಾತು ಬಂದುದು ಬರಿಯ ಶಾಸ್ತ್ರಪಾಠವೆಂದು ನಮಗೆ ತೋರುವುದಿಲ್ಲ.

ಮಣ್ಣು ನೀರನ್ನು ತಡೆಯುವ ಬಗೆ

ಮೂರನೆಯ ದೋಷವನ್ನು ವಿಚಾರಿಸುವುದಕ್ಕೆ ಮೊದಲು, ಉಳಿದ ದೋಷಗಳು ಏರಿಯನ್ನು ಹೇಗೆ ಕೆಡವುತ್ತವೆಂಬುದನ್ನು ತಿಳಿಯುವುದು ಅಗತ್ಯ. ಮಣ್ಣಿನ ಏರಿ ಸಂಪೂರ್ಣವಾಗಿ ನೀರನ್ನು ತಡೆಯುವುದಿಲ್ಲ. ಸ್ವಲ್ಪ ನೀರು ಅದರ ಒಡಲೊಳಗೆ ಇಳಿದು ಹೊರಮೈಯ ಬುಡದಲ್ಲಿ ತೇವವಾಗಿ ಕಾಣಿಸುತ್ತದೆ. ಹಾಗೆ ಬರುವ ನೀರು ತಿಳಿಯಾಗಿದ್ದು, ಪ್ರಮಾಣ ಹೆಚ್ಚದಿದ್ದರೆ ಭಯವಿಲ್ಲ. ನೀರು ಕದಡಿ ಬಂದರೆ ಅದು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆಯೆಂದು ಅರ್ಥ. ಒಳಗೆ ಎಳೆಯಷ್ಟಿದ್ದ ದಾರಿ ಬೆರಳಷ್ಟಾಗಿ, ಬೆರಳಷ್ಟಾದದ್ದು ತೋಳಷ್ಟಾಗಿ, ಒಂದು ರಾತ್ರಿಯಲ್ಲಿ ಏರಿ ಕುಸಿಯುತ್ತದೆ. ಇಲಿ, ಹೆಗ್ಗಣ, ಏಡಿಗಳ ಬಿಲಗಳು, ಒಣಗಿ ಕೊಳೆತ ಮರದ ಬೇರುಗಳು, ತೂಬಿನ ಕಲ್ಲಿಗೂ ಮಣ್ಣಿಗೂ ನಡುವಣ ಸಂದು, ಇವೇ ಆ ದಾರಿಗೆ ಮೊದಲ ಬಾಗಿಲುಗಳು. ಚೌಳು ಮಣ್ಣಂತೂ ನೀರು ಸೋಂಕಿದರೆ ಬಿಡಿಬಿಡಿಯಾಗಿ ಕರಗುವ ಸ್ವಭಾವದ್ದು. ಮೊದಲ ಎರಡು ದೋಷಗಳನ್ನು ಶಾಸನಕಾರನು ಒಟ್ಟಿಗೆ ಹೇಳಿದ್ದು ಸರಿಯಾಗಿದೆ.

ಏರಿಯ ಎರಡನೆಯ ಶತ್ರು ಮೇಲಿನಿಂದ ಬರುತ್ತದೆ. ಕಲ್ಲಿನ ಕಟ್ಟೆಯ ನೆತ್ತಿಯ ಮೇಲೆ ನೀರು ಹರಿದರೆ ಕಟ್ಟೆ ತಾಳಿಕೊಳ್ಳಬಹುದು. ಮಣ್ಣಿನ ಏರಿ ತಾಳುವುದಿಲ್ಲ. ನೆತ್ತಿಯ ಮೇಲೆ ಒಂದು ಗೇಣು ನೀರು ಕೆಲವು ಗಳಿಗೆ ಹರಿದರೂ ಹೊರಮೈಯನ್ನು ಕೊರೆದು ಏರಿಯನ್ನು ಕತ್ತರಿಸಿಬಿಡುತ್ತದೆ. ಇದಕ್ಕಾಗಿಯೇ ಕೋಡಿ. ಕೋಡಿಯ ಮಟ್ಟಕ್ಕೂ ಏರಿಯ ನೆತ್ತಿಗೂ ನಡುವೆ ಬಿಟ್ಟ ಎತ್ತರವೇ ಕೆರೆಯ ಪ್ರಾಣ. ನೆಲ ಸ್ವಲ್ಪ, ನೀರು ಅಧಿಕ ಎಂಬ ಆರನೆಯ ದೋಷ ಸೂಚಿಸುವುದು ಈ ಅಪಾಯವನ್ನೇ ಎಂದು ನಾವು ತಿಳಿಯುತ್ತೇವೆ.

ಇಲ್ಲಿಯೇ ಸುರಕ್ಷತೆಗೂ ಸಂಗ್ರಹಕ್ಕೂ ನಡುವೆ ಹಳೆಯ ಜಗಳವೊಂದು ಹುಟ್ಟುತ್ತದೆ. ಒಂದು ಚದರ ಮೈಲಿಯ ಹರಹಿರುವ ಕೆರೆಯಲ್ಲಿ ಕೋಡಿಯನ್ನು ಒಂದು ಅಡಿ ಎತ್ತರಿಸಿದರೆ ಹೆಚ್ಚಾಗಿ ನಿಲ್ಲುವ ನೀರು ಸುಮಾರು 2 ಕೋಟಿ 78 ಲಕ್ಷ ಘನ ಅಡಿ. ಈ ಲೆಕ್ಕವನ್ನು ತರಗತಿಯ ಹಲಗೆಯ ಮೇಲೆ ಮಾಡಿ ತೋರಿಸಬಹುದು. ಮಾಡಿ ತೋರಿಸದಿದ್ದರೂ ರೈತನಿಗೆ ಅದು ಅನುಭವದಿಂದ ಗೊತ್ತು. ಆದುದರಿಂದ ಕೋಡಿಯ ಮೇಲೆ ಸಾಲಾಗಿ ನೆಟ್ಟ ಕೋಡಿಕಲ್ಲುಗಳ ನಡುವೆ ಹಲಗೆ, ಮಣ್ಣು, ಹುಲ್ಲುಹೆಂಟೆಗಳನ್ನು ತುಂಬಿ ಇನ್ನೊಂದು ಅಡಿ ನೀರು ನಿಲ್ಲಿಸಿಕೊಳ್ಳುವುದು ಬಹಳ ಹಿಂದಿನಿಂದ ಬಂದ ರೂಢಿ. ಮಳೆಗಾಲದ ಕೊನೆಯಲ್ಲಿ, ಮುಂದೆ ದೊಡ್ಡ ಮಳೆಯಿಲ್ಲವೆಂದು ತಿಳಿದಾಗ ಮಾಡಿದರೆ ಅದು ಜಾಣತನ. ಆದರೆ ನಮ್ಮ ಸೀಮೆಯ ದೊಡ್ಡ ಮಳೆಗಳು ಹಿಂಗಾರಿನಲ್ಲಿ, ಕೆರೆ ತುಂಬಿರುವಾಗಲೇ, ಬಂಗಾಳ ಕೊಲ್ಲಿಯ ಬಿರುಗಾಳಿಯ ಹಿಂದೆ ಬರುತ್ತವೆ. ನಡುರಾತ್ರಿ ಕೋಡಿಯ ಮಣ್ಣನ್ನು ಕಿತ್ತೊಗೆಯಲು ಆಳು ಸಿಕ್ಕದಿದ್ದರೆ, ಹೆಚ್ಚಿಗೆ ಬೇಡಿದ ಒಂದು ಅಡಿ ನೀರಿನೊಡನೆ ಇದ್ದ ನೀರೂ ಹೋಗುತ್ತದೆ. ಅಂಗಳದಲ್ಲಿ ಹೂಳು ತುಂಬಿದಷ್ಟೂ ಈ ಆಸೆ ಬಲವಾಗುತ್ತದೆ. ತಳದಲ್ಲಿ ಕಳೆದುಕೊಂಡ ಜಾಗವನ್ನು ತಳದಲ್ಲಿಯೇ ಹೂಳೆತ್ತಿ ಪಡೆಯಬೇಕಲ್ಲದೆ, ಕೋಡಿಯ ಮೇಲೆ ಪಡೆಯಲಾಗದು.

ಇಬ್ಬರು ಸೊಸೆಯರು

ಏರಿ ಏಕೆ ಒಡೆಯಿತು, ಕೆರೆಯಲ್ಲಿ ನೀರೇಕೆ ನಿಲ್ಲಲಿಲ್ಲ ಎಂಬ ಕಾರಣ ತಿಳಿಯದಾಗ ಜನ ಬೇರೆ ಬೆಲೆಯನ್ನು ತೆತ್ತರು. ಕನ್ನಡದ ಜನಪದ ಕಥನಗೀತೆ 'ಕೆರೆಗೆ ಹಾರ' ನಮ್ಮ ಮಕ್ಕಳಿಗೆಲ್ಲ ಗೊತ್ತು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ಒಂದು ಹನಿ ನೀರೂ ಬಾರದೆ ಹೋಗಿ, ಕಿರಿಯ ಸೊಸೆ ಭಾಗೀರಥಿ ಅದಕ್ಕೆ ಹಾರವಾದಳು. ಗಡಿಯಾಚೆ ಅನಂತಪುರದ ಕೆರೆಯ ಬಗ್ಗೆ ತೆಲುಗರು ಹೇಳುವ ಮುಸಲಮ್ಮನ ಕಥೆ ಇದಕ್ಕೆ ಜೋಡಿಯಾದದ್ದು. ಬುಕ್ಕರಾಯಸಮುದ್ರದ ಬಸಿರೆಡ್ಡಿಯ ಸೊಸೆ ಮುಸಲಮ್ಮ, ಕೆರೆ ತುಂಬಿ ಏರಿ ಒಡೆಯುತ್ತಿರುವಾಗ ಊರನ್ನು ಉಳಿಸಲೆಂದು ಆ ಕಂಡಿಯೊಳಗೆ ಇಳಿದಳೆಂದು ಐತಿಹ್ಯ. ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು 1900ರ ಸುಮಾರಿಗೆ ಇದನ್ನು ತೆಲುಗಿನಲ್ಲಿ 'ಮುಸಲಮ್ಮ ಮರಣಮು' ಎಂಬ ಕಾವ್ಯವಾಗಿ ಬರೆದರು. ಇದೇ ರೆಡ್ಡಿಯವರು ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಮೈಸೂರು ಸಂಸ್ಥಾನದ ವಿದ್ಯಾಭ್ಯಾಸ ಇಲಾಖೆಯ ಮುಖ್ಯಾಧಿಕಾರಿಯಾಗಿ ಕೆಲಸ ಮಾಡಿದವರೆಂಬುದನ್ನು ಉಪಾಧ್ಯಾಯ ಬಂಧುಗಳು ನೆನೆಯಬಹುದು.

ಭಾಗೀರಥಿ ನೀರಿನ ಸಂಗ್ರಹಕ್ಕಾಗಿ ಪ್ರಾಣ ಕೊಟ್ಟವಳು. ಮುಸಲಮ್ಮ ಏರಿಯ ಸುರಕ್ಷತೆಗಾಗಿ ಪ್ರಾಣ ಕೊಟ್ಟವಳು. ಇಬ್ಬರೂ ಸೊಸೆಯರು, ಇಬ್ಬರೂ ಬೇರೊಂದು ಮನೆಯಿಂದ ಬಂದವರು. ಊರಿನ ಹಿರಿಯರು ಮಾಡಬೇಕಾಗಿದ್ದ ಕೆಲಸದ ಭಾರ ಮನೆಯಲ್ಲಿ ತೀರ ಕಿರಿಯಳ ಕೊರಳಿಗೆ ಬಿತ್ತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ನ್ಯೂನಿಜನೂ ಕೃಷ್ಣದೇವರಾಯನು ನಾಗಲಾಪುರದ ಬಳಿ ಕಟ್ಟಿಸಿದ ಕೆರೆ ಕೆಲಸ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ಒಡೆಯಿತೆಂದೂ, ಅದಕ್ಕಾಗಿ ನರಬಲಿ ಕೊಡಲಾಯಿತೆಂದೂ ಬರೆದಿದ್ದಾನೆ. ಇವುಗಳ ಪಕ್ಕದಲ್ಲಿಟ್ಟು ಓದಿದಾಗ ಪೋರುಮಾಮಿಳ್ಳ ಶಾಸನದ ಹಿರಿಮೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅದರ ದೋಷಗಳ ಪಟ್ಟಿಯಲ್ಲಿ ದೇವತೆಯ ಮುನಿಸು ಇಲ್ಲ. ಮಣ್ಣು, ನೀರು, ನೆಲ, ಎಲ್ಲೆ, ಇಷ್ಟೇ ಇವೆ.

ಎರಡು ರಾಜ್ಯಗಳ ಎಲ್ಲೆ

ಈಗ ಆ ಮೂರನೆಯ ದೋಷಕ್ಕೆ ಬರೋಣ. ಉತ್ತರ ಪಿನಾಕಿನಿ ನಂದಿಯ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರನ್ನು ದಾಟಿ ಹಿಂದೂಪುರದ ಕಡೆಗೆ ಆಂಧ್ರವನ್ನು ಸೇರುತ್ತದೆ. ಮುಂದೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಕರ್ನಾಟಕವನ್ನು ಮುಟ್ಟಿ ಪುನಃ ಆಂಧ್ರಕ್ಕೆ ಹೋಗುತ್ತದೆ. ವೇದಾವತಿ ಹಿರಿಯೂರು, ಚಳ್ಳಕೆರೆಗಳ ಮೇಲೆ ಹಾದು ರಾಯದುರ್ಗದ ಸೀಮೆಗೆ ಬಂದು, ಬಳ್ಳಾರಿಯ ಕಡೆ ಹೊರಳಿ ತುಂಗಭದ್ರೆಯನ್ನು ಕೂಡುತ್ತದೆ. ಮಡಕಶಿರವಂತೂ ಬಹುಪಾಲು ಕರ್ನಾಟಕದ ತಾಲ್ಲೂಕುಗಳಿಂದಲೇ ಸುತ್ತುವರಿದಿದೆ. ಪಾವಗಡ ಹಾಗೆಯೇ ಆಂಧ್ರದಿಂದ ಸುತ್ತುವರಿದಿದೆ. ಇಂಥ ನಾಡಿನಲ್ಲಿ ಮಳೆ ಒಂದು ರಾಜ್ಯದಲ್ಲಿ ಬೀಳುತ್ತದೆ, ಕೆರೆ ಇನ್ನೊಂದರಲ್ಲಿ ತುಂಬುತ್ತದೆ.

ಹಿಂದೆ ಹೀಗಿರಲಿಲ್ಲ. ಮಡಕಶಿರ ತಾಲ್ಲೂಕಿನ ಹೇಮಾವತಿ, ಎಂದರೆ ಹಳೆಯ ಹೆಂಜೇರು, ನೊಳಂಬರ ರಾಜಧಾನಿಯಾಗಿದ್ದಾಗ ಇಂದಿನ ಎಲ್ಲೆಯ ಎರಡು ಬದಿಗಳೂ ನೊಳಂಬವಾಡಿಯೇ. ಎರಡು ಬದಿಗಳಲ್ಲಿಯೂ ಕನ್ನಡ ಶಾಸನಗಳಿವೆ. ವಿಜಯನಗರದ ಕಾಲದಲ್ಲಿಯೂ ಅರಸೊತ್ತಿಗೆ ಒಂದೇ. 1800ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪಗಳ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಒಂದು ಬದಿ ಮದರಾಸು, ಇನ್ನೊಂದು ಬದಿ ಮೈಸೂರು ಎಂದಾಯಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು. 1953ರ ಅಕ್ಟೋಬರು 1ರಂದು ಬಳ್ಳಾರಿ ಜಿಲ್ಲೆಯೇ ಒಡೆದು, ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದವು. ಮನುಷ್ಯರನ್ನು ಹಂಚುವುದೇ ಕಷ್ಟ. ಹಳ್ಳದ ನೀರನ್ನು ಹಂಚುವುದು ಅದಕ್ಕಿಂತ ಕಷ್ಟ.

ಈ ಕಷ್ಟವನ್ನು ಮೊದಲು ಕಾಗದದ ಮೇಲೆ ತಂದದ್ದು 1892ರ ಫೆಬ್ರವರಿಯಲ್ಲಿ ಮದರಾಸು ಮತ್ತು ಮೈಸೂರು ಸರಕಾರಗಳು ಮಾಡಿಕೊಂಡ ಒಪ್ಪಂದ. ಕಾವೇರಿಯ ವಿವಾದದ ಮೂಲಕ ಈ ಒಪ್ಪಂದದ ಹೆಸರು ಎಲ್ಲರಿಗೂ ಪರಿಚಿತ. ಆದರೆ ಅದರ ಹದಿನೈದು ಮುಖ್ಯ ನದಿಗಳ ಪಟ್ಟಿಯಲ್ಲಿ ವೇದಾವತಿ, ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಘ್ನಿಗಳೂ ಇವೆಯೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಈ ನದಿಗಳಿಗೆ ಹೊಸ ಜಲಾಶಯಗಳನ್ನು ಕಟ್ಟಬಾರದು. ಮದರಾಸೂ ತನ್ನ ಪೂರ್ವಾರ್ಜಿತ ಹಕ್ಕುಗಳ ರಕ್ಷಣೆಗಲ್ಲದೆ ಬೇರೆ ಕಾರಣಕ್ಕೆ ಒಪ್ಪಿಗೆಯನ್ನು ನಿರಾಕರಿಸಬಾರದು ಎಂಬುದು ಅದರ ಸಾರ. ಹೊಸದು ಎಂದರೆ ಯಾವುದು? ಹಿಂದೆಂದೂ ಇಲ್ಲದಿದ್ದುದು, ಅಥವಾ ಒಮ್ಮೆ ಇದ್ದು, ಕೈಬಿಟ್ಟುಹೋಗಿ, ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಳಕೆಯಲ್ಲಿ ಇಲ್ಲದೆ ಹೋದುದು.

ಈ ಮೂವತ್ತು ವರ್ಷದ ಮಾತನ್ನು ನಾವು ನಿಧಾನವಾಗಿ ಓದಬೇಕು. ಐದುನೂರು ವರ್ಷ ನಿಂತ ಕೆರೆಯೊಂದು ಒಡೆದು, ಊರವರು ಬಡತನದಿಂದಲೋ ಜಗಳದಿಂದಲೋ ಒಂದು ತಲೆಮಾರಿನ ಕಾಲ ಅದನ್ನು ಕಟ್ಟದೆ ಬಿಟ್ಟರೆ, ಕಾನೂನಿನ ಕಣ್ಣಿನಲ್ಲಿ ಅದು ಎಂದೂ ಇರಲಿಲ್ಲದ ಕೆರೆಯಾಗುತ್ತದೆ. ಗಡಿಯಿಲ್ಲದ ಊರಿನಲ್ಲಿ ಒಡೆದ ಏರಿ ಬರಿಯ ಒಡೆದ ಏರಿ; ಗಡಿಯ ನೀರಿನ ದಾರಿಯಲ್ಲಿ ಅದು ಕಳೆದುಹೋದ ಹಕ್ಕು. ಈ ಹಳೆಯ ಕಾಗದ ಸತ್ತಿತೆಂದು ತಿಳಿಯುವಂತೆಯೂ ಇಲ್ಲ. ದಕ್ಷಿಣ ಪಿನಾಕಿನಿಗೆ ಸೇರುವ ಮಾರ್ಕಂಡೇಯ ನದಿಗೆ ಕೋಲಾರ ಜಿಲ್ಲೆಯಲ್ಲಿ ಕಟ್ಟಿದ ಅಣೆಕಟ್ಟಿನ ವಿಷಯದಲ್ಲಿ ತಮಿಳುನಾಡು 2018ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, 1892ರ ಒಪ್ಪಂದವೇ ವಾದದ ನಡುವೆ ಬಂದು ನಿಂತಿತು.

ಹಕ್ಕಿನ ಮಾತು ಹಾಗಿರಲಿ. ಅಪಾಯದ ಮಾತು ಅದಕ್ಕಿಂತ ಹತ್ತಿರದ್ದು. ನಮ್ಮ ಕೆರೆಗಳು ಒಂಟಿಯಾಗಿಲ್ಲ, ಸರಪಣಿಯಾಗಿವೆ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನದು ತುಂಬುತ್ತದೆ. ಮೇಲಿನದು ಒಡೆದರೆ ಕೆಳಗಿನದೂ ಒಡೆಯುತ್ತದೆ, ಏಕೆಂದರೆ ಕೆಳಗಿನ ಕೋಡಿಯನ್ನು ತನ್ನ ಪಾಲಿನ ಹಳ್ಳದ ನೀರಿಗೆ ಅಳೆದು ಕಟ್ಟಿರುತ್ತಾರೆಯೇ ಹೊರತು, ಮೇಲಿನ ಕೆರೆ ಒಮ್ಮೆಗೇ ಬರಿದಾಗುವುದಕ್ಕೆ ಅಳೆದಿರುವುದಿಲ್ಲ. ಮೇಲಿನ ಏರಿ ಜಿನುಗುತ್ತಿದೆಯೆಂಬ ಸುದ್ದಿ ಕೆಳಗಿನ ಊರಿಗೆ ಮುಟ್ಟಬೇಕು. ನಡುವೆ ರಾಜ್ಯದ ಎಲ್ಲೆ ಇದ್ದರೆ ಆ ಸುದ್ದಿ ಒಂದು ಕಚೇರಿಯಿಂದ ಮೇಲೇರಿ, ಇನ್ನೊಂದು ರಾಜಧಾನಿಯಿಂದ ಕೆಳಗಿಳಿದು ಬರಬೇಕಾಗುತ್ತದೆ. ನೀರು ಅಷ್ಟು ಹೊತ್ತು ಕಾಯುವುದಿಲ್ಲ. ಮೂರನೆಯ ದೋಷದ ನಿಜವಾದ ಅರ್ಥ ಇದೇ ಎಂದು ನಮ್ಮ ಅಭಿಪ್ರಾಯ: ಏರಿಯನ್ನು ನೋಡಿಕೊಳ್ಳುವವನೂ ಅದಕ್ಕೆ ನೀರು ಕಳುಹಿಸುವ ನೆಲವನ್ನು ನೋಡಿಕೊಳ್ಳುವವನೂ ಬೇರೆಬೇರೆಯಾಗಿ, ಅವರಿಬ್ಬರಲ್ಲಿ ಮಾತಿಲ್ಲದಿದ್ದರೆ, ಗಟ್ಟಿ ಜೇಡಿಯ ಏರಿಯೂ ಜಿನುಗುವ ಏರಿಯಷ್ಟೇ ಅಪಾಯದ್ದು.

ಏರಿಯನ್ನು ಕಾಯ್ದವರು

ಕೆರೆಯನ್ನು ಕಟ್ಟುವುದು ಒಂದು ಸಲದ ಪುಣ್ಯ, ಕಾಯುವುದು ಪ್ರತಿವರ್ಷದ ಕೂಲಿ ಎಂಬುದನ್ನು ಹಿಂದಿನವರು ತಿಳಿದಿದ್ದರು. ನೊಳಂಬ, ಗಂಗ, ಬಾಣರ ಕಾಲದ ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಮುಂದಿನ ಶಾಸನಗಳ ಕಟ್ಟುಕೊಡಗೆ, ದಶವಂದ, ಇವೆಲ್ಲ ಕೆರೆಯನ್ನು ಕಟ್ಟಿದವರಿಗೆ ಅಥವಾ ಕಾಪಾಡುವವರಿಗೆ ಬಿಟ್ಟ ಭೂಮಿಯ ಹೆಸರುಗಳು. ದಶವಂದವು ದಶಬಂಧವೆಂಬ ರೂಪದಲ್ಲಿ ಕಂಪೆನಿಯ ಕಾಲದ ಕಂದಾಯದ ಲೆಕ್ಕಗಳಲ್ಲಿಯೂ ಮುಂದುವರಿಯಿತು. ಕೆರೆಯ ಬಯಲಿನಲ್ಲಿಯೇ ಹುಟ್ಟಿದ ಫಲದ ಒಂದು ಪಾಲು ಏರಿಯ ಮಣ್ಣಿಗೆ ಹಿಂದಿರುಗುವ ಏರ್ಪಾಡು ಇದು. ನೀರಗಂಟಿ ತೂಬನ್ನು ಕಾದನು. ಊರವರು ವರ್ಷಕ್ಕಿಷ್ಟು ದಿನ ಬಿಟ್ಟಿಯಾಗಿ ಏರಿಗೆ ಮಣ್ಣು ಹಾಕಿದರು.

ಅಣೆಕಟ್ಟು ಒಡೆದಾಗ ಹಲವು ಊರುಗಳು ಪಾಲು ಹಾಕಿಕೊಂಡು ನಿಂತದ್ದಕ್ಕೂ ಸಾಕ್ಷ್ಯವಿದೆ. ಹರಿಹರದ ಬಳಿ ಹರಿದ್ರಾ ನದಿಗೆ 1410ರಲ್ಲಿ ಕಟ್ಟಿದ ಅಣೆಯ ಶಾಸನದಲ್ಲಿ ದೇವರ ಭೂಮಿಗೂ ಊರುಗಳ ಬ್ರಾಹ್ಮಣರಿಗೂ ವೆಚ್ಚ ಮತ್ತು ನೀರು ಎರಡನ್ನೂ ಪಾಲು ಮಾಡಿದ ಕಟ್ಟಳೆಯಿದೆ. ಅದು 1424ರಲ್ಲಿ ಒಡೆಯಿತು. ಪುನಃ ಹಣ ಕೂಡಿಸಿ ಕಟ್ಟಿಸಿದರು. ಹದಿನಾಲ್ಕೇ ವರ್ಷದಲ್ಲಿ ಒಡೆದುದು ಅಲ್ಲಿ ನಾಚಿಕೆಯ ಸಂಗತಿಯಾಗಲಿಲ್ಲ; ಮತ್ತೆ ಕಟ್ಟಿದುದನ್ನೇ ಶಾಸನಕ್ಕೆ ಯೋಗ್ಯವೆಂದು ತಿಳಿದರು.

ಆಂಗ್ಲರ ಕಾಲದಲ್ಲಿ ಈ ಏರ್ಪಾಡು ಸಡಿಲವಾಯಿತು. ಇನಾಮು ಭೂಮಿಗಳು ಕಂದಾಯಕ್ಕೆ ಒಳಪಟ್ಟವು. ಊರ ಕೆಲಸ ಸರಕಾರದ ಕೆಲಸವಾಯಿತು. ಮದರಾಸು ಸರಕಾರ 1858ರಲ್ಲಿ ಕಡ್ಡಾಯ ದುಡಿಮೆಯ ಕಾಯಿದೆಯನ್ನು ತಂದು, ಏರಿ ಒಡೆಯುವ ಸಂಕಟದಲ್ಲಿ ಊರವರನ್ನು ಕೆಲಸಕ್ಕೆ ಕರೆಯುವ ಅಧಿಕಾರವನ್ನು ಪಡೆಯಿತು. 1883ರಲ್ಲಿ ಕೆರೆಗಳ ಪುನರುದ್ಧಾರದ ಯೋಜನೆಯನ್ನು ಪ್ರಾರಂಭಿಸಿ, ಒಂದೊಂದೇ ಕೆರೆಯನ್ನು ಅಳೆದು, ಕೋಡಿಯ ಮಟ್ಟವನ್ನು ಗೊತ್ತುಮಾಡಿ ಬರೆದಿಡಲು ತೊಡಗಿತು. ಅಳತೆ ಒಳ್ಳೆಯ ಕೆಲಸವೇ. ಆದರೆ ಮನಸ್ಸಿನಿಂದ ಬರುತ್ತಿದ್ದ ಕೈಗಳನ್ನು ಕಾಯಿದೆಯಿಂದ ಕರೆಯಬೇಕಾದಾಗ, ಏರಿಯ ಬಲದಲ್ಲಿ ಏನೋ ಒಂದು ಕಡಿಮೆಯಾಗಿತ್ತು.

ನಮ್ಮ ಕಾಲದ ಪಾಠ

ಈ ವಿಷಯ ಬರಿಯ ಹಳೆಯ ಚರಿತ್ರೆಯಲ್ಲವೆಂಬುದಕ್ಕೆ ಇತ್ತೀಚಿನ ಎರಡು ಘಟನೆಗಳು ಸಾಕು. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರಷ್ಟು ಜನ ಕೊಚ್ಚಿಹೋದರು. ಜಿನುಗುವಿಕೆಯನ್ನು ಊರವರು ಮೊದಲೇ ಕಂಡು ಹೇಳಿದ್ದರೆಂದು ಪತ್ರಿಕೆಗಳಲ್ಲಿ ಬಂದಿತು. ಏಡಿಗಳು ಕೊರೆದುದೇ ಕಾರಣವೆಂಬ ಮಾತೂ ಕೇಳಿಬಂದಿತು. ಏಡಿಯೇ ಆಗಿದ್ದರೂ, ಅದು ಶಾಸನದ ಮೊದಲನೆಯ ದೋಷವೇ ಹೊರತು ದೈವದ ಆಟವಲ್ಲ.

2021ರ ನವೆಂಬರು 19ರಂದು ಪೋರುಮಾಮ���ಳ್ಳ ಇರುವ ಕಡಪ ಸೀಮೆಯಲ್ಲಿಯೇ, ರಾಜಂಪೇಟೆಯ ಬಳಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ಭಾಗ ಕೊಚ್ಚಿಹೋಯಿತು. ಮೇಲಿದ್ದ ಪಿಂಛಾ ಜಲಾಶಯದ ಮಣ್ಣಿನ ಕಟ್ಟೆ ಮೊದಲು ಒಡೆದು ಅದರ ನೀರು ಒಮ್ಮೆಗೇ ಇಳಿದುಬಂದಿತು; ಕೆಳಗಿನ ಅಣೆಕಟ್ಟಿನ ಐದು ಬಾಗಿಲುಗಳಲ್ಲಿ ಒಂದು ಏಳಲಿಲ್ಲ; ನೀರು ಮಣ್ಣಿನ ಏರಿಯ ನೆತ್ತಿಯನ್ನು ಹಾಯಿತು. ಮೂವತ್ತಕ್ಕೂ ಹೆಚ್ಚು ಜನ ಸತ್ತರು ಇಲ್ಲವೆ ಕಾಣೆಯಾದರು. ಮೇಲಿನದೂ ಕೆಳಗಿನದೂ ಒಂದೇ ರಾಜ್ಯದಲ್ಲಿದ್ದಾಗಲೇ ಹೀಗಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಭಾರತ ಸರಕಾರದ ಅಣೆಕಟ್ಟು ಸುರಕ್ಷತಾ ಕಾಯಿದೆ ಜಾರಿಗೆ ಬಂದಿತು. ಒಂದು ರಾಜ್ಯಕ್ಕೆ ಸೇರಿದ ಅಣೆಕಟ್ಟು ಇನ್ನೊಂದರ ನೆಲದಲ್ಲಿದ್ದರೆ, ಅಥವಾ ಎರಡು ರಾಜ್ಯಗಳಿಗೆ ಹರಡಿದ್ದರೆ, ಅದರ ಸುರಕ್ಷತೆಯ ಹೊಣೆಯನ್ನು ರಾಷ್ಟ್ರೀಯ ಪ್ರಾಧಿಕಾರವೇ ನೋಡಬೇಕೆಂದು ಈ ಕಾಯಿದೆ ವಿಧಿಸುತ್ತದೆ. 1369ರ ಮೂರನೆಯ ದೋಷವನ್ನು 2021ರ ಕಾಯಿದೆ ಹೀಗೆ ಒಪ್ಪಿಕೊಂಡಂತಾಯಿತು. ಆದರೆ ಕಾಯಿದೆಯ ವ್ಯಾಪ್ತಿಗೆ ಬರುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳು. 10ರಿಂದ 15 ಮೀಟರಿನವು ಬರಬೇಕಾದರೆ 500 ಮೀಟರು ಉದ್ದ, 10 ಲಕ್ಷ ಘನ ಮೀಟರು ಸಂಗ್ರಹ ಮೊದಲಾದ ಲಕ್ಷಣಗಳಲ್ಲಿ ಒಂದಾದರೂ ಇರಬೇಕು. ಪೋರುಮಾಮಿಳ್ಳದ 33 ಅಡಿಯ ಏರಿಯೇ ಈ ಅಳತೆಯ ಹೊಸ್ತಿಲಿನ ಮೇಲೆ ನಿಲ್ಲುತ್ತದೆ. ಹದಿನೈದು, ಇಪ್ಪತ್ತು ಅಡಿ ಎತ್ತರದ ನಮ್ಮ ಹಳ್ಳಿಯ ಏರಿಗಳು ಆ ಹೊಸ್ತಿಲಿನ ಹೊರಗೇ ಉಳಿಯುತ್ತವೆ. ಅವುಗಳ ಕೆಳಗೆ ಮಲಗುವ ಜನರು ಮಾತ್ರ ದೊಡ್ಡ ಅಣೆಕಟ್ಟಿನ ಕೆಳಗೆ ಮಲಗುವವರಷ್ಟೇ ಗಾಢವಾಗಿ ನಿದ್ರಿಸುತ್ತಾರೆ.

ಉಪಾಧ್ಯಾಯರು ಮಾಡಬಹುದಾದುದು

ಆದ್ದರಿಂದ ಚಿಕ್ಕ ಏರಿಯ ಸುರಕ್ಷತೆ ಊರಿನ ಕಣ್ಣಿಗೇ ಬಿಟ್ಟದ್ದು. ಗಡಿಯ ಎರಡು ಬದಿಗಳಲ್ಲಿಯೂ ಓದುಬರಹ ಬಲ್ಲ, ಹತ್ತೂರಿನ ಪರಿಚಯವಿರುವ, ಎರಡು ಭಾಷೆಗಳನ್ನು ಆಡಬಲ್ಲ ಜನರೆಂದರೆ ಉಪಾಧ್ಯಾಯರು. ನಮ್ಮ ಶಾಲೆಗಳ ಸುತ್ತಲಿನ ಕೆರೆಗಳ ತೂಬಿನ ಕಲ್ಲು, ಕೋಡಿಯ ಕಲ್ಲು, ಏರಿಯ ಮೇಲಣ ವೀರಗಲ್ಲುಗಳಲ್ಲಿ ಇರುವ ಬರಹಗಳನ್ನು ಪ್ರತಿಮಾಡಿಡುವುದು ಸಂಶೋಧನೆಯ ಕೆಲಸ. ಅದೇ ನಡಿಗೆಯಲ್ಲಿ ಏರಿಯ ಹೊರಮೈಯ ಬುಡದಲ್ಲಿ ಬರುವ ನೀರು ತಿಳಿಯೋ ಕದಡೋ ನೋಡುವುದು, ಕೋಡಿಗೆ ಯಾರಾದರೂ ಮಣ್ಣು ತುಂಬಿದ್ದಾರೆಯೋ ಗಮನಿಸುವುದು, ಕೋಡಿಯಿಂದ ನೆತ್ತಿಗೆ ಎಷ್ಟು ಅಡಿಯಿದೆಯೆಂದು ಮಕ್ಕಳಿಂದ ಅಳೆಯಿಸಿ ದಿನಾಂಕದೊಡನೆ ಬರೆದಿಡುವುದು ಲೋಕಹಿತದ ಕೆಲಸ. ಈ ಎರಡಕ್ಕೂ ಬೇಕಾದುದು ಒಂದು ದಾರ, ಒಂದು ಕೋಲು, ಒಂದು ಪುಸ್ತಕ. ಹೀಗೆ ವರ್ಷವರ್ಷ ಬರೆದಿಟ್ಟ ಪುಸ್ತಕವು, ಕೆರೆ ಬಳಕೆಯಲ್ಲಿತ್ತು, ಊರು ಅದನ್ನು ಕೈಬಿಟ್ಟಿರಲಿಲ್ಲ ಎಂಬುದಕ್ಕೆ ಸಾಕ್ಷಿಯೂ ಆಗುತ್ತದೆ.

ಎಲ್ಲಕ್ಕಿಂತ ಮೇಲಾಗಿ, ಒಂದೇ ಹಳ್ಳದ ಮೇಲಿನ ಊರಿನ ಶಾಲೆಗೂ ಕೆಳಗಿನ ಊರಿನ ಶಾಲೆಗೂ ನಡುವೆ ಮಳೆಗಾಲದಲ್ಲಿ ಮಾತು ನಡೆಯಬೇಕು. ಮೇಲಿನ ಕೆರೆ ಕೋಡಿಬಿದ್ದ ದಿನ ಕೆಳಗಿನ ಉಪಾಧ್ಯಾಯರಿಗೆ ಒಂದು ದೂರವಾಣಿ ಕರೆ ಹೋದರೆ, ಅದು ಎರಡು ಸರಕಾರಗಳ ಪತ್ರವ್ಯವಹಾರಕ್ಕಿಂತ ಮೊದಲು ಮುಟ್ಟುತ್ತದೆ. ಆ ಕರೆ ಕನ್ನಡದಲ್ಲಿರಲಿ, ತೆಲುಗಿನಲ್ಲಿರಲಿ, ತೂಬು ಎನ್ನಲಿ, ತೂಮು ಎನ್ನಲಿ, ಕೆಳಗಿನ ಊರಿಗೆ ಅದರ ಅರ್ಥ ತಿಳಿಯುತ್ತದೆ.

ಎಲ್ಲೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಅದು ಅಗತ್ಯವೂ ಅಲ್ಲ. ಶಾಸನಕಾರನು ಎಲ್ಲೆಯನ್ನು ದೋಷವೆಂದನೇ ಹೊರತು, ಪರಿಹಾರವಿಲ್ಲದ ದೋಷವೆನ್ನಲಿಲ್ಲ. ಜಿನುಗುವ ಏರಿಗೆ ಜೇಡಿಯನ್ನು ತುಂಬಿ ಬಡಿಯುತ್ತಾರೆ, ಹೂಳು ತುಂಬಿದ ಅಂಗಳವನ್ನು ತೋಡುತ್ತಾರೆ. ಎರಡು ರಾಜ್ಯಗಳ ನಡುವಣ ಕೆರೆಗೆ ಬೇಕಾದ ಜೇಡಿ ನೆರೆಹೊರೆಯವರ ಮಾತುಕತೆ. ಅದನ್ನು ಪ್ರತಿವರ್ಷ ಮಳೆಗೆ ಮೊದಲು ಹಾಕಬೇಕು.